ಕಂಪೌಂಡರ್ ಕಾರಿನ ನಾಡಿ

ಗ್ರಂಥಪಾಲಕರ ಮನೆಯ ಮುಂದೆ ನಿಂತಿದ್ದ ಕಾರಿನಲ್ಲಿ ಎಸಿ ಇತ್ತು. ಇತ್ತು ಎಂದರೆ, ಅದರ ಗುಂಡಿ ಇತ್ತು, ಗುಂಡಿ ಒತ್ತಿದರೆ ಹಸಿರು ದೀಪ ಹತ್ತುತ್ತಿತ್ತು, ಫ್ಯಾನು ಸದ್ದು ಮಾಡುತ್ತಿತ್ತು, ಎಲ್ಲ ಕಿಂಡಿಗಳಿಂದಲೂ ಗಾಳಿ ಬರುತ್ತಿತ್ತು. ತಂಪೊಂದನ್ನು ಬಿಟ್ಟರೆ ಎಸಿಗೆ ಇರಬೇಕಾದ ಸಕಲ ಲಕ್ಷಣಗಳೂ ಅದಕ್ಕಿದ್ದವು. ಬೇಸಿಗೆಯ ಮಧ್ಯಾಹ್ನ ಅದನ್ನು ಹಾಕಿಕೊಂಡು ಕೂತರೆ, ಜ್ವರ ಬಂದವರು ಯಾರೋ ಮುಖದ ಹತ್ತಿರ ಬಂದು ಉಸಿರು ಬಿಟ್ಟ ಹಾಗಾಗುತ್ತಿತ್ತು.

"ಇದು ಎಸಿ ಅಲ್ಲ ರೀ," ಎಂದಿದ್ದರು ಗ್ರಂಥಪಾಲಕರ ಹೆಂಡತಿ. "ಹೊಲಿದ ಬಟ್ಟೆ ತಂದು ಇದರೊಳಗೆ ಇಟ್ರೆ ಇಸ್ತ್ರಿ ಆಗಿ ಬರುತ್ತೆ."

ಆಕೆಗೆ ಹೊಲಿಗೆಯ ವೃತ್ತಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಮಿಷಿನ್ನು, ಕಿಟಕಿಯ ಆಚೆ ಈ ಕಾರು. ಕಾರು ಬಂದ ದಿನದಿಂದ ಕಿಟಕಿಯ ಬೆಳಕು ಅರ್ಧಕ್ಕಿಳಿದಿತ್ತು. ಸೂಜಿಗೆ ದಾರ ಪೋಣಿಸುವಾಗಲೆಲ್ಲ ಆಕೆ ಒಮ್ಮೆ ಕಾರನ್ನೂ ಒಮ್ಮೆ ಗಂಡನನ್ನೂ ನೋಡುತ್ತಿದ್ದರು. ಎರಡು ನೋಟಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಕಾರು ಅಸಲಿಗೆ ಗ್ರಂಥಪಾಲಕರದಲ್ಲ. ಅದು ಕಂಪೌಂಡರನದು. ಲೈಬ್ರರಿಯ ಎದುರಿನ ದವಾಖಾನೆಯಲ್ಲಿ ಔಷಧ ಕಲಸಿ, ಪುಡಿ ಕಟ್ಟಿ ಕೊಡುತ್ತಿದ್ದ ಆತನನ್ನು ಊರೆಲ್ಲ ಕಂಪೌಂಡರ್ ಎಂದೇ ಕರೆಯುತ್ತಿತ್ತು. ಸೈಕಲ್ಲಿನ ಕಾಲದಿಂದ ಇಬ್ಬರೂ ಗೆಳೆಯರು. ಭಾನುವಾರ ಬಂತೆಂದರೆ ಕಾರು ಹೊರಡುತ್ತಿತ್ತು. ಗ್ರಂಥಪಾಲಕರು ಪಕ್ಕದಲ್ಲಿ ಕೂತು ನಕ್ಷೆ ಬಿಡಿಸಿ ದಾರಿ ಹೇಳುವುದು, ಕಂಪೌಂಡರ್ ಅದನ್ನು ಕಿವಿಗೆ ಹಾಕಿಕೊಳ್ಳದೆ ತನಗೆ ಬೇಕಾದ ಕಡೆ ಓಡಿಸುವುದು, ಇಬ್ಬರೂ ದಾರಿ ತಪ್ಪುವುದು, ತಪ್ಪಿದ ಊರೇ ಚೆನ್ನಾಗಿದೆ ಎಂದು ಅಲ್ಲೇ ಚಹಾ ಕುಡಿದು ಬರುವುದು. ಹೀಗೆ ಎಷ್ಟೋ ವರ್ಷ ನಡೆಯಿತು. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ದವಾಖಾನೆಯ ಬಾಗಿಲು ತೆಗೆಯಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವಂಥದ್ದು ಏನೂ ಇಲ್ಲ.

ಕಂಪೌಂಡರನಿಗೆ ತನ್ನವರು ಎಂದಿದ್ದವಳು ತಂಗಿಯೊಬ್ಬಳೇ. ಆಕೆ ಎರಡೂ ಬೀಗದ ಕೈಗಳನ್ನು ತಂದು ಗ್ರಂಥಪಾಲಕರ ಕೈಯಲ್ಲಿಟ್ಟಳು. "ಇದ್ರಲ್ಲಿ ಅಣ್ಣನ ಜೊತೆ ಸುತ್ತಿದವರು ನೀವು. ನೀವೇ ಇಟ್ಕೊಳ್ಳಿ," ಎಂದಳು.

ಇಟ್ಟುಕೊಂಡರು. ಇಟ್ಟುಕೊಂಡದ್ದೇ ಮನೆಯಲ್ಲಿ ಸಮಸ್ಯೆಯಾಯಿತು.

"ಮಾರಿಬಿಡಿ," ಎಂದರು ಹೆಂಡತಿ.

"ಅದು ಅವನ ಕಾರು ಕಣೆ."

"ಅದಕ್ಕೇ ಹೇಳಿದ್ದು, ಮಾರಿಬಿಡಿ ಅಂತ."

ಗ್ರಂಥಪಾಲಕರಿಗೆ ಈ ತರ್ಕ ಅರ್ಥವಾಗಲಿಲ್ಲ. (ಮದುವೆಯಾದಂದಿನಿಂದ ಅರ್ಥವಾಗದ ತರ್ಕಗಳನ್ನು ಅವರು ಮನಸ್ಸಿನಲ್ಲೇ ಒಂದು ಕಪಾಟಿನಲ್ಲಿ ಜೋಡಿಸಿಟ್ಟಿದ್ದರು. ಕಪಾಟು ತುಂಬಿ ಬಹಳ ದಿನವಾಗಿತ್ತು.) ಹೆಂಡತಿ ತಡಮಾಡದೆ ಗಾಡಿ ದಲ್ಲಾಳಿಯನ್ನು ಕರೆಸಿದರು. ದಲ್ಲಾಳಿ ಕಾರಿನ ಸುತ್ತ ಪ್ರದಕ್ಷಿಣೆ ಬಂದು, ಟೈರಿಗೆ ಕಾಲಲ್ಲಿ ಒದ್ದು, "ತಗೋತೀನಮ್ಮ. ಆದ್ರೆ ಎರಡು ಕೀನೂ ಬೇಕು. ಒಂದೇ ಕೀ ಇರೋ ಗಾಡಿ ಯಾರೂ ಮುಟ್ಟಲ್ಲ," ಎಂದ.

ಅಂದು ಸಂಜೆಯೇ ಎರಡನೆಯ ಕೀ ಕಾಣೆಯಾಯಿತು.

ಮನೆಯವರೆಲ್ಲ ಹುಡುಕಿದರು. ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ ಹುಡುಕಿದವರು ಗ್ರಂಥಪಾಲಕರು. ಮಂಚದ ಕೆಳಗೆ ನುಗ್ಗಿದರು, ಸೋಫಾದ ಹೊಟ್ಟೆಗೆ ಕೈ ಹಾಕಿದರು, ಹೆಂಡತಿಯಿಂದ ಅಕ್ಕಿ ಡಬ್ಬವನ್ನೇ ಬೋರಲು ಹಾಕಿಸಿದರು. ಯಾಕೆ ಅಷ್ಟು ಶ್ರದ್ಧೆ ಎಂದರೆ, ಅದು ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು. (ಓದುಗರಿಗೆ ಹೇಳಿದರೆ ಚಿಂತೆಯಿಲ್ಲ: ತಾವೇ ಅಡಗಿಸಿಟ್ಟಿದ್ದರು. ಪುಸ್ತಕದ ಕಪಾಟಿನ ತೀರಾ ಮೇಲಿನ ಸಾಲಿನಲ್ಲಿ, ಯಾರೂ ಮುಟ್ಟದ ಹಳೆಯ ವಾರ್ಷಿಕ ವರದಿಗಳ ಹಿಂದೆ. ಒಂದು ವಸ್ತು ಯಾರ ಕಣ್ಣಿಗೂ ಬೀಳಬಾರದೆಂದರೆ ಎಲ್ಲಿಡಬೇಕು ಎಂಬುದು ಗ್ರಂಥಪಾಲಕರಿಗಿಂತ ಚೆನ್ನಾಗಿ ಇನ್ಯಾರಿಗೆ ತಿಳಿದೀತು?)

ಈ ನಡುವೆ ಅತ್ತೆಯ ಪ್ರಯಾಣದ ವಿಷಯ ಬಂತು. ಹೆಂಡತಿಯ ತಾಯಿ ಇವರ ಜೊತೆಯೇ ಇದ್ದರು. ಭಾನುವಾರ ಅವರು ದೊಡ್ಡ ಮಗಳ ಊರಿಗೆ ಹೋಗಬೇಕಿತ್ತು. ದೂರದ ದಾರಿ, ಸುಡು ಬಿಸಿಲು. ಕಿಟಕಿ ತೆಗೆದರೆ ಅತ್ತೆಗೆ ಧೂಳಿನ ಕೆಮ್ಮು, ಮುಚ್ಚಿದರೆ ಬೆವರು.

"ನೋಡಿ," ಎಂದರು ಹೆಂಡತಿ, ಕತ್ತರಿಯನ್ನು ಮೇಜಿನ ಮೇಲೆ ಇಡುತ್ತಾ. "ಭಾನುವಾರದೊಳಗೆ ಈ ಎಸಿ ತಣ್ಣಗಾದ್ರೆ ಅಮ್ಮನ್ನ ಇದರಲ್ಲೇ ಕರ್ಕೊಂಡು ಹೋಗೋಣ, ಕಾರು ಇಲ್ಲೇ ಇರ್ಲಿ. ಆಗ್ಲಿಲ್ಲ ಅಂದ್ರೆ ಸೋಮವಾರ ದಲ್ಲಾಳಿ ಬೀಗದವನನ್ನೇ ಕರ್ಕೊಂಡು ಬಂದು ಹೊಸ ಕೀ ಮಾಡಿಸ್ತಾನಂತೆ. ಆಮೇಲೆ ನೀವೂ ಮಾತಾಡಬಾರ್ದು, ನಾನೂ ಮಾತಾಡಲ್ಲ."

ಕೀ ಅಡಗಿಸಿ ಗೆದ್ದೆನೆಂದುಕೊಂಡಿದ್ದ ಗ್ರಂಥಪಾಲಕರಿಗೆ ಬೀಗದವನೊಬ್ಬ ಜಗತ್ತಿನಲ್ಲಿದ್ದಾನೆ ಎಂಬುದೇ ಮರೆತುಹೋಗಿತ್ತು.

ಅವರಿಗೆ ಯಾವ ವಿಷಯಕ್ಕಾದರೂ ಮೊದಲು ಪುಸ್ತಕ, ಆಮೇಲೆ ಬದುಕು. ಒಮ್ಮೆ ಅಡುಗೆಮನೆಗೆ ಜಿರಲೆ ಬಂದಾಗ ಕೀಟಶಾಸ್ತ್ರದ ಗ್ರಂಥ ತಂದವರು ಅವರು. (ಅವರು ಮುನ್ನುಡಿ ಮುಗಿಸುವುದರೊಳಗೆ ಅತ್ತೆ ಜಿರಲೆಯನ್ನು ಚಪ್ಪಲಿಯಲ್ಲಿ ಮುಗಿಸಿದ್ದರು.) ಈಗಲೂ ಲೈಬ್ರರಿಯಿಂದ ಶೈತ್ಯೀಕರಣದ ಮೇಲಿನ ದಪ್ಪ ಪುಸ್ತಕವೊಂದನ್ನು ಎದೆಗವಚಿಕೊಂಡು ಬಂದರು. ಊಟದ ಮೇಜಿನ ಮುಂದೆ ಉಪನ್ಯಾಸ ಶುರುವಾಯಿತು.

"ಕಾರಿನ ಎಸಿ ಅಂದ್ರೆ ಮುಚ್ಚಿದ ವ್ಯವಸ್ಥೆ. ಒಳಗಿರೋ ಗ್ಯಾಸು ಖರ್ಚಾಗೋದೇ ಇಲ್ಲ, ಸುತ್ತುತ್ತಾ ಇರುತ್ತೆ. ಕಮ್ಮಿ ಆಯ್ತು ಅಂದ್ರೆ ಎಲ್ಲೋ ಸೋರ್ತಿದೆ ಅಂತಲೇ ಅರ್ಥ."

"ನನ್ನ ಪೆಪ್ಪರ್‌ಮಿಂಟ್ ಡಬ್ಬದ ಹಾಗೆ," ಎಂದರು ಅತ್ತೆ. "ಯಾರೂ ತಿನ್ನಲ್ವಂತೆ. ಆದ್ರೂ ಕಮ್ಮಿ ಆಗ್ತಾ ಇರುತ್ತೆ."

ಗ್ರಂಥಪಾಲಕರು ಅವಸರವಾಗಿ ಪುಟ ತಿರುವಿದರು. "ಸೋರಿಕೆ ಎಲ್ಲಿ ಅಂತ ಕಂಡುಹಿಡಿದ್ರೆ ಮುಗೀತು. ಮೇಸ್ತ್ರಿಗೆ ಅದು ಗೊತ್ತಿಲ್ಲ."

ಎಸಿ ಮೇಸ್ತ್ರಿಗೆ ಗೊತ್ತಿಲ್ಲ ಎಂಬುದು ನಿಜವೇ. ಬೇಸಿಗೆಯ ಮೊದಲಿಗೆ ಅವನು ಗ್ಯಾಸ್ ತುಂಬಿಕೊಟ್ಟಿದ್ದ, ಅದು ಕೆಲವೇ ವಾರಗಳಲ್ಲಿ ಮಾಯವಾಗಿತ್ತು. ಕೇಳಿದ್ದಕ್ಕೆ ಕಣ್ಣು ಮುಚ್ಚಿ, ಕಿಂಡಿಯ ಮುಂದೆ ಅಂಗೈ ಹಿಡಿದು, ದೈವವಾಣಿಯಂತೆ, "ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಬೇಕು ಸಾರ್," ಎಂದಿದ್ದ. ಬಿಚ್ಚಿದ ಕಾರು ಮತ್ತೆ ಕಾರಾಗುತ್ತದೆಂಬ ಭರವಸೆ ಗ್ರಂಥಪಾಲಕರಿಗೆ ಇರಲಿಲ್ಲ.

ಪುಸ್ತಕದ ಪ್ರಕಾರ ಮೊದಲನೆಯದು ಸಾಬೂನಿನ ಪರೀಕ್ಷೆ. ಪೈಪುಗಳು ಕೂಡುವ ಕಡೆ ಸಾಬೂನಿನ ನೊರೆ ಹಚ್ಚಬೇಕು, ಗ್ಯಾಸ್ ಹೊರಬರುವ ಕಡೆ ಗುಳ್ಳೆ ಏಳುತ್ತದೆ. ಗ್ರಂಥಪಾಲಕರು ಬಕೆಟ್ಟು ತುಂಬ ನೊರೆ ಕಲಸಿ, ಶೇವಿಂಗ್ ಬ್ರಷ್ಷು ಹಿಡಿದು, ಬಾನೆಟ್ಟು ಎತ್ತಿ, ಕಾರಿಗೆ ಮುಖಕ್ಷೌರ ಮಾಡುವವರಂತೆ ಬಳಿದರು. ಬಳಿದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಒಂದು ಗುಳ್ಳೆಯೂ ಏಳಲಿಲ್ಲ.

"ಎಲ್ಲೂ ಸೋರ್ತಿಲ್ಲ!" ಎಂದು ಕೂಗಿದರು.

ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ ಕೇಳಿದರು: "ಒಳಗೆ ಗ್ಯಾಸ್ ಇದೆಯಾ ಅಳಿಯಂದಿರೇ?"

"ಇಲ್ಲ, ಎಲ್ಲ ಸೋರಿಹೋಗಿದೆ."

"ಹಂಗಾದ್ರೆ ಗಾಳಿ ಇಲ್ಲದ ಬಲೂನಿಗೆ ತೂತು ಹುಡುಕ್ತಿದೀರಿ ಅನ್ನಿ."

ಒಳಗಿನಿಂದ ಮಿಷಿನ್ನಿನ ಸದ್ದು ನಿಂತಿತು. ಹೆಂಡತಿ ನಗುವುದಕ್ಕಾಗಿ ಮಿಷಿನ್ನು ನಿಲ್ಲಿಸಿದ್ದರು. ಗ್ರಂಥಪಾಲಕರು ಗಂಭೀರವಾಗಿ ಪುಸ್ತಕ ತೆರೆದು, ಆ ಮಾತು ಮುಂದಿನ ಪುಟದಲ್ಲೇ ಇದ್ದುದನ್ನು ಕಂಡು, ಇನ್ನೂ ಗಂಭೀರವಾಗಿ ಮುಚ್ಚಿದರು.

ಎರಡನೆಯದು ಬಣ್ಣದ ಪರೀಕ್ಷೆ. ಇದು ನಿಜಕ್ಕೂ ಶಾಸ್ತ್ರೋಕ್ತ. ಗ್ಯಾಸಿನ ಜೊತೆ ಒಂದು ಬಗೆಯ ಬಣ್ಣ ಸೇರಿಸಿ ಒಳಕ್ಕೆ ಬಿಡಬೇಕು. ಸುಮ್ಮನೆ ನೋಡಿದರೆ ಅದು ಕಣ್ಣಿಗೆ ಕಾಣುವುದೇ ಇಲ್ಲ ಎನ್ನಬಹುದು. ಕತ್ತಲು ಮಾಡಿಕೊಂಡು ಒಂದು ನೇರಳೆ ಟಾರ್ಚು ಬಿಟ್ಟರೆ, ಎಲ್ಲೆಲ್ಲಿ ಸೋರಿದೆಯೋ ಅಲ್ಲಲ್ಲಿ ಹಸಿರಾಗಿ ಹೊಳೆಯುತ್ತದೆ. ಮೇಸ್ತ್ರಿ ಬಂದು ಗ್ಯಾಸೂ ಬಣ್ಣವೂ ತುಂಬಿದ. ಟಾರ್ಚನ್ನೂ ಅದರ ಜೊತೆಗಿನ ಹಳದಿ ಕನ್ನಡಕವನ್ನೂ ಕೊಟ್ಟ.

"ಒಂದೆರಡು ದಿನ ಓಡಿಸಿ ನೋಡಿ ಸಾರ್. ಆದ್ರೂ ಕಡೆಗೆ ಡ್ಯಾಶ್‌ಬೋರ್ಡೇ," ಎಂದು ಆಶೀರ್ವದಿಸಿ ಹೋದ.

ಗ್ರಂಥಪಾಲಕರು ಕಾರನ್ನು ನಿಂತಲ್ಲೇ ಓಡಿಸಿದರು. ಬಾಗಿಲೆಲ್ಲ ತೆಗೆದಿಟ್ಟು, ಎಂಜಿನ್ನು ಗುರುಗುಡಿಸಿ, ತಾವು ಬಾನೆಟ್ಟಿನೊಳಗೆ ತಲೆ ಹಾಕಿ ನಿಂತರು. ಜೊತೆಗೆ ಬೆಳಿಗ್ಗೆ ಸಂಜೆ ನಾಡಿ ನೋಡಿದರು.

ನಾಡಿ ನೋಡುವುದು ಕಂಪೌಂಡರನ ವಿದ್ಯೆ. ಗ್ಯಾಸ್ ತುಂಬುವ ಪೈಪಿನ ತುದಿಯಲ್ಲಿ ಸೈಕಲ್ ಟ್ಯೂಬಿನಲ್ಲಿರುವಂತೆ ಒಂದು ಪುಟ್ಟ ಮುಚ್ಚಳ, ಮುಚ್ಚಳದ ಕೆಳಗೆ ಒಂದು ಸೂಜಿ ಇರುತ್ತದೆ. ಭಾನುವಾರ ಹೊರಡುವ ಮುನ್ನ ಕಂಪೌಂಡರ್ ಮುಚ್ಚಳ ತೆಗೆದು ಆ ಸೂಜಿಯನ್ನು ಒತ್ತುತ್ತಿದ್ದ. ಚುಸ್ ಎನ್ನುತ್ತಿತ್ತು. "ನಾಡಿ ಚೆನ್ನಾಗಿದೆ, ನಡಿ," ಎನ್ನುತ್ತಿದ್ದ. ಹುಡುಗನಾಗಿದ್ದಾಗ ಸೈಕಲ್ ಟೈರಿಗೂ ಅವನು ಹೀಗೇ ಮಾಡುತ್ತಿದ್ದ. ಕಾರು ಮನೆಗೆ ಬಂದಾಗಿನಿಂದ ಗ್ರಂಥಪಾಲಕರು ಆ ಕ್ರಮವನ್ನು ಭಕ್ತಿಯಿಂದ ನಡೆಸಿಕೊಂಡು ಬಂದಿದ್ದರು. ಸೂಜಿ ಒತ್ತುವುದಕ್ಕೆ ಸಣ್ಣ ಮೊನೆಯದೇನಾದರೂ ಬೇಕು. ಸ್ಕ್ರೂಡ್ರೈವರು ದಪ್ಪವಾಯಿತು. ಹೆಂಡತಿಯ ಕತ್ತರಿಯ ತುದಿ ಹೇಳಿಮಾಡಿಸಿದ ಹಾಗಿತ್ತು. (ಬಟ್ಟೆ ಬಿಟ್ಟು ಬೇರೇನನ್ನಾದರೂ ಆ ಕತ್ತರಿಯಿಂದ ಮುಟ್ಟಿದರೆ ಆ ಮನೆಯಲ್ಲಿ ಯಾವ ಶಿಕ್ಷೆ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಅಂಥ ಪಾಪಿ ಅಲ್ಲಿಯವರೆಗೆ ಸಿಕ್ಕಿಬಿದ್ದಿರಲಿಲ್ಲ.) ಆಕೆ ಸ್ನಾನಕ್ಕೆ ಹೋದಾಗ ಕತ್ತರಿ ತಂದು, ಚುಸ್ ಎನ್ನಿಸಿ, ಇದ್ದಲ್ಲೇ ಇಟ್ಟು, ಆ ಸಮಾಧಾನದಲ್ಲಿ ಅತ್ತೆಯ ಡಬ್ಬದಿಂದ ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು, ಕೊನೆಗೆ ಕಪಾಟಿನ ಮೇಲೆ ಕೈಯಾಡಿಸಿ ಕೀ ಇದೆಯೇ ಎಂದು ಖಾತ್ರಿ ಮಾಡಿಕೊಂಡು ಲೈಬ್ರರಿಗೆ ಹೊರಡುವುದು ಅವರ ನಿತ್ಯವಿಧಿಯಾಗಿತ್ತು.

ಶನಿವಾರ ಮಧ್ಯಾಹ್ನ ಕಾರಿನ ಮುಂಭಾಗಕ್ಕೆ ದಪ್ಪ ಟಾರ್ಪಾಲು ಹೊದಿಸಿ, ಹಳದಿ ಕನ್ನಡಕ ಧರಿಸಿ, ಟಾರ್ಚು ಹಿಡಿದು ಗ್ರಂಥಪಾಲಕರು ಅದರೊಳಗೆ ನುಸುಳಿದರು. ಹೊರಗಿನಿಂದ ನೋಡಿದರೆ ಕಾರು ಅವರನ್ನು ಸೊಂಟದವರೆಗೆ ನುಂಗಿದಂತೆ ಕಾಣುತ್ತಿತ್ತು. ಎದುರುಮನೆಯವರು ಬಾಗಿಲಿಗೆ ಬಂದು ನಿಂತರು.

ಟಾರ್ಚು ಹತ್ತಿತು. ಆಮೇಲೆ ಒಳಗಿನಿಂದ ಒಂದು ಆರ್ತನಾದ ಕೇಳಿಸಿತು.

"ಏನ್ರೀ ಆಯ್ತು? ಬಾನೆಟ್ ಬಿತ್ತಾ?" ಹೆಂಡತಿ ಅಳತೆಪಟ್ಟಿ ಕೊರಳಲ್ಲಿ ಹಾಕಿಕೊಂಡೇ ಓಡಿಬಂದರು.

"ಮುಗೀತು ಕಣೆ," ಎಂದಿತು ಟಾರ್ಪಾಲು. "ಎಲ್ಲ ಕಡೆ ಸೋರ್ತಿದೆ. ಪೈಪು, ಪಂಪು, ಬ್ಯಾಟರಿ ಕೂಡ! ನಕ್ಷತ್ರ ಚೆಲ್ಲಿದ ಹಾಗಿದೆ. ಈ ಕಾರು ಬದುಕಲ್ಲ."

ಆ ದನಿಯಲ್ಲಿ ಏನೋ ಇತ್ತು. ಹೆಂಡತಿ ಬೈಯಲಿಲ್ಲ. ಟಾರ್ಪಾಲು ಎತ್ತಿ ತಾವೂ ಒಳಗೆ ತೂರಿದರು. "ಕೊಡಿ ಆ ಕನ್ನಡಕ."

ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವವರ ಕಣ್ಣು ಅದು. ಎಂಥ ಗುರುತು ಯಾವುದರಿಂದ ಆದದ್ದು ಎಂದು ಅದಕ್ಕೆ ಬೇಗ ತಿಳಿಯುತ್ತದೆ. ಸ್ವಲ್ಪ ಹೊತ್ತು ನೋಡಿ ಕೇಳಿದರು:

"ಬ್ಯಾಟರಿಯಲ್ಲಿ ಎಸಿ ಗ್ಯಾಸ್ ಇರುತ್ತಾ?"

"ಇರಲ್ಲ."

"ಮತ್ತೆ ಅದು ಹೆಂಗೆ ಸೋರುತ್ತೆ? ರೀ, ಇದು ಸೋರಿದ್ದಲ್ಲ. ಇದು ಹೆಬ್ಬೆರಳು. ಇದು ತೋರುಬೆರಳು. ಇಲ್ಲಿ ಅಂಗೈ ಊರಿ ಸೊಂಟ ನೆಟ್ಟಗೆ ಮಾಡಿದೀರಿ. ಎಲ್ಲ ನಿಮ್ಮ ಕೈಯೇ." ಟಾರ್ಚು ಸರಿಯುತ್ತಾ ಒಂದು ಕಡೆ ನಿಂತಿತು. "ಇದೊಂದು ಬೆರಳಲ್ಲ ನೋಡಿ. ಇದು ಕೆರೆ."

ಪುಟ್ಟ ಮುಚ್ಚಳದ ಸುತ್ತ ಹಸಿರು ಬೆಳಕು ಮಡುಗಟ್ಟಿ ನಿಂತಿತ್ತು.

"ಅಲ್ಲಿ ಸೋರೋಕೆ ಸಾಧ್ಯ ಇಲ್ಲ," ಎಂದರು ಗ್ರಂಥಪಾಲಕರು. "ಅದು ನಾಡಿ ನೋಡೋ ಜಾಗ."

"ಯಾವ ನಾಡಿ?"

"ಒಳಗೆ ಗ್ಯಾಸ್ ಇದೆಯೋ ಇಲ್ವೋ ಅಂತ ನೋಡೋದು. ದಿನಾ ನೋಡ್ತೀನಿ." ಮುಚ್ಚಳ ತೆಗೆದು, ಜೇಬಿನ ಪೆನ್ನಿನ ಮೊನೆಯಿಂದ ಒತ್ತಿ ತೋರಿಸಿದರು. ಚುಸ್.

ಹೆಂಡತಿ ಕಿವಿ ಹತ್ತಿರ ತಂದರು. "ಇನ್ನೊಂದು ಸಲ ಮಾಡಿ."

ಚುಸ್.

"ಈಗ ಹೊರಗೆ ಬಂತಲ್ಲ, ಅದೇನು?"

"ಗ್ಯಾಸು."

"ಎಲ್ಲಿಂದ ಬಂತು?"

"ಒಳಗಿಂದ."

"ಮತ್ತೆ ಒಳಗೆ ಹೋಯ್ತಾ?"

ಇಷ್ಟು ವರ್ಷ ಓದಿದ ಪುಸ್ತಕಗಳಲ್ಲಿ ಒಂದೂ ಆ ಹೊತ್ತಿಗೆ ಗ್ರಂಥಪಾಲಕರ ನೆರವಿಗೆ ಬರಲಿಲ್ಲ.

"ಗ್ಯಾಸ್ ಇದೆಯಾ ಅಂತ ನೋಡೋಕೆ ಗ್ಯಾಸ್ ಬಿಡ್ತಿದೀರಿ!" ಹೆಂಡತಿ ನಗಲು ಶುರು ಮಾಡಿದರು. ಟಾರ್ಪಾಲೆಲ್ಲ ಕುಲುಕಾಡಿತು. "ಹಾಲು ಇದೆಯಾ ನೋಡೋಕೆ ದಿನಾ ಒಂದು ಲೋಟ ಚೆಲ್ಲಿದ ಹಾಗೆ! ಕುಟ್ಟಿ ಕುಟ್ಟಿ ಆ ಸೂಜೀನೂ ಸಡಿಲ ಮಾಡಿದೀರಿ. ಯಾರ್ರೀ ಕಲಿಸಿದ್ದು ಈ ವೈದ್ಯ?"

"ಕಂಪೌಂಡರ್. ಪ್ರತಿ ಭಾನುವಾರ ನೋಡ್ತಿದ್ದ."

"ಅದಕ್ಕೇ ಆ ಮಹಾನುಭಾವರು ವರ್ಷ ವರ್ಷ ಗ್ಯಾಸ್ ಹಾಕಿಸ್ತಾ ಇದ್ರು! ಹಾಕಿಸಿ ಹಾಕಿಸಿ, ಈ ಕಂಪನಿಯವರೇ ಮೋಸಗಾರರು ಅಂತ ಬೈತಿದ್ರು!"

ಈಗ ಗ್ರಂಥಪಾಲಕರಿಗೂ ನಗು ಬಂತು. ಇಬ್ಬರೂ ಆ ಕತ್ತಲಲ್ಲಿ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕರು. ನಗುತ್ತಾ ನಗುತ್ತಾ ಇಬ್ಬರೂ ಒಟ್ಟಿಗೇ ಸುಮ್ಮನಾದರು. ಬೈದು ಹೇಳೋಣವೆಂದರೆ ಆತನಿರಲಿಲ್ಲ.

ಅಲ್ಲಿಗೇ ನಿಂತಿದ್ದರೆ ಗ್ರಂಥಪಾಲಕರ ದಿನ ಚೆನ್ನಾಗಿರುತ್ತಿತ್ತು. ಆದರೆ ಹೆಂಡತಿ ಕಣ್ಣೊರೆಸಿಕೊಂಡು ಕೇಳಿದರು: "ದಿನಾ ಪೆನ್ನಲ್ಲೇ ಒತ್ತೋದಾ?"

"ಸ್ಕ್ರೂ... ಸ್ಕ್ರೂಡ್ರೈವರಲ್ಲಿ."

ಆ ಒಂದು ತೊದಲು ಸಾಕಾಯಿತು. ಟಾರ್ಚೂ ಕನ್ನಡಕವೂ ಹೆಂಡತಿಯ ಕೈಯಲ್ಲೇ ಇದ್ದವು. ಆಕೆ ಟಾರ್ಪಾಲಿನಿಂದ ಹೊರಬಿದ್ದು ನೇರ ಮನೆಯೊಳಗೆ ನಡೆದರು. ಸರಸರನೆ ಪರದೆಗಳನ್ನು ಎಳೆದರು, ಬಾಗಿಲು ಮುಚ್ಚಿದರು.

"ಕರೆಂಟ್ ಹೋಯ್ತಾ?" ಎಂದರು ಅತ್ತೆ ಒಳಕೋಣೆಯಿಂದ.

"ಇಲ್ಲಮ್ಮ, ಸೋರಿಕೆ ಹುಡುಕ್ತಿದೀನಿ."

"ಮನೇಲೂ ಇದೆಯಾ?"

"ಇರೋ ಹಾಗಿದೆ."

ಬಾಗಿಲ ಹಿಡಿಕೆ ಹೊಳೆಯಿತು. ನಲ್ಲಿಯ ತಿರುಗಣೆ ಹೊಳೆಯಿತು. ಅದರ ಪಕ್ಕದ ಸಾಬೂನು ಹೊಳೆಯಿತು. (ಕೈ ತೊಳೆದದ್ದು ನಿಜ, ಬಣ್ಣ ಹೋದದ್ದು ಮಾತ್ರ ಸುಳ್ಳು.) ಹೊಲಿಗೆ ಮೇಜಿನ ಮೇಲೆ ಕತ್ತರಿಯ ಎರಡೂ ಕಿವಿಗಳು ಹಸಿರು ಓಲೆ ತೊಟ್ಟಂತೆ ಹೊಳೆದವು, ಮೊನೆಯಂತೂ ಉರಿಯುವ ಬತ್ತಿಯಾಗಿತ್ತು.

"ನನ್ನ ಕತ್ತರಿ," ಎಂದರು ಹೆಂಡತಿ ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದಾಗ ಹೆದರಬೇಕು ಎಂಬುದನ್ನು ಗ್ರಂಥಪಾಲಕರು ಯಾವ ಪುಸ್ತಕವೂ ಇಲ್ಲದೆ ಕಲಿತಿದ್ದರು.

"ಅದೂ... ಮೊನೆ ಸರಿಹೋಗ್ತಿತ್ತು ಅಂತ..."

"ಆಮೇಲೆ ಮಾತಾಡ್ತೀನಿ. ಇನ್ನೂ ಮುಂದೆ ಹೋಗಿದೆ ಗುರುತು."

ಗುರುತು ಅತ್ತೆಯ ಕೋಣೆಗೆ ಹೋಗಿ ಪೆಪ್ಪರ್‌ಮಿಂಟ್ ಡಬ್ಬದ ಮುಚ್ಚಳದ ಮೇಲೆ ಹತ್ತಾರು ಹಸಿರು ಬೆರಳುಗಳಾಗಿ ನಿಂತಿತು. ಅತ್ತೆ ಕನ್ನಡಕ ಇಸಿದುಕೊಂಡು ನೋಡಿದರು. "ಅಯ್ಯೋ, ಇಲಿ ಅಂದ್ಕೊಂಡು ಬೋನು ತರಿಸಿದ್ನಲ್ಲಪ್ಪ," ಎಂದರು. "ಹೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ ಅಳಿಯಂದಿರೇ?"

"ಕ್ಷಮಿಸಿ ಅತ್ತೆ," ಎಂದರು ಗ್ರಂಥಪಾಲಕರು. ಅವರ ಕಣ್ಣು ಮಾತ್ರ ಟಾರ್ಚಿನ ಮೇಲಿತ್ತು. ಅದು ಡಬ್ಬದಿಂದ ಬಾಗಿಲ ಚೌಕಟ್ಟಿಗೆ, ಚೌಕಟ್ಟಿನಿಂದ ಸ್ಟೂಲಿಗೆ, ಸ್ಟೂಲಿನಿಂದ ಕಪಾಟಿಗೆ ಹರಿಯತೊಡಗಿತ್ತು.

"ಅಲ್ಲೇನಿಲ್ಲ ಕಣೆ! ವಾರ್ಷಿಕ ವರದಿಗಳು. ಬರೀ ಧೂಳು. ನಿನಗೆ ಸೀನು ಬರುತ್ತೆ!"

"ಯಾರೂ ಓದದ ಪುಸ್ತಕದ ಬೆನ್ನ ಮೇಲೆ ಇಷ್ಟೊಂದು ಬೆರಳಾ?"

ಹೆಂಡತಿ ಸ್ಟೂಲು ಹತ್ತಿದರು. ವರದಿಗಳನ್ನು ಸರಿಸಿದರು. ಕೈಗೆ ಒಂದು ಪುಟ್ಟ ಕಾಗದದ ಪೊಟ್ಟಣ ಸಿಕ್ಕಿತು. ತೆರೆಯದೇನೇ ಒಳಗಿರುವುದೇನೆಂದು ತೂಕದಲ್ಲೇ ತಿಳಿಯಿತು.

ಗ್ರಂಥಪಾಲಕರು ಗುಡುಗಿಗೆ ಕಾದು ನಿಂತರು. ಅಕ್ಕಿ ಡಬ್ಬದ ಮಾತು ಬರುತ್ತದೆ, ಸೋಫಾದ ಮಾತು ಬರುತ್ತದೆ, ಕಳ್ಳ ಎಂಬ ಮಾತಂತೂ ಬಂದೇ ಬರುತ್ತದೆ. ಯಾವುದೂ ಬರಲಿಲ್ಲ. ಹೆಂಡತಿ ಸ್ಟೂಲಿನ ಮೇಲೆ ನಿಂತೇ ಆ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ದವಾಖಾನೆಯಲ್ಲಿ ಪುಡಿ ಕಟ್ಟಿಕೊಡುವಾಗ ಕಂಪೌಂಡರ್ ಮಡಿಸುತ್ತಿದ್ದ ಮಡಿಕೆ ಅದು. ಅಂಚು ಒಳಗೆ ಸಿಕ್ಕಿಸಿ, ದಾರವಿಲ್ಲದೆ ನಿಲ್ಲುವಂಥದ್ದು. ಮಡಿಕೆಗಳ ವಿಷಯದಲ್ಲಿ ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ನಿಮಗೂ ಬರುತ್ತಾ ಇದು?" ಎಂದರು.

"ಕಲಿಸಿದ್ದ," ಎಂದರು ಗ್ರಂಥಪಾಲಕರು. "ಮಾರಬೇಡ ಕಣೆ."

ಹೆಂಡತಿ ಇಳಿದು ಬಂದು, ಪೊಟ್ಟಣವನ್ನು ಬಿಚ್ಚದೆ ಹಾಗೆಯೇ ತಮ್ಮ ಹೊಲಿಗೆ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದರು. "ಮೊದಲು ಮೇಸ್ತ್ರೀನ ಕರೀರಿ. ಆ ಸೂಜಿ ಬದಲಾಯಿಸ್ಲಿ," ಎಂದಷ್ಟೇ ಹೇಳಿ ಪರದೆ ಸರಿಸಿದರು.

ಮೇಸ್ತ್ರಿ ಸಂಜೆಗೆ ಬಂದು ಸೂಜಿ ಬದಲಿಸಿ, ಹೊಸ ಮುಚ್ಚಳ ಬಿಗಿದು, ಗ್ಯಾಸ್ ತುಂಬಿದ. ಕಾರಣ ಕೇಳಿ ಸ್ವಲ್ಪವೂ ನಾಚದೆ, "ಅವತ್ತೇ ಹೇಳಿದ್ನಲ್ಲ ಸಾರ್, ಸಣ್ಣ ವಿಷ್ಯ ಅಂತ," ಎಂದ. ಗ್ರಂಥಪಾಲಕರಿಗೆ ವಾದ ಮಾಡುವ ಚೈತನ್ಯವಿರಲಿಲ್ಲ. ಹೊಸ ಮುಚ್ಚಳದ ಮೇಲೆ ಅಳತೆಪಟ್ಟಿಯ ಒಂದು ತುಂಡು ಅಂಟಿಸಿ ಹೆಂಡತಿ ಬರೆದಿಟ್ಟಿದ್ದರು: ರೋಗಿಯನ್ನು ಮುಟ್ಟಬಾರದು.

ಭಾನುವಾರ ಬೆಳಿಗ್ಗೆ ಕಿಂಡಿಗಳಿಂದ ಬಂದ ಗಾಳಿಗೆ ಅಂಗೈ ಒಡ್ಡಿದ ಗ್ರಂಥಪಾಲಕರು ಹಿಗ್ಗಿಹೋದರು. ಷರತ್ತು ಷರತ್ತೇ. ತಣ್ಣಗಾದರೆ ಕಾರು ಇಲ್ಲೇ ಇರಲಿ ಎಂದು ಅವಳೇ ಹೇಳಿದ್ದಲ್ಲವೇ? ಒಳಗೆ ಹೋಗಿ ಬೂಟು ಹಾಕಿಕೊಂಡು, ನಕ್ಷೆ ಮಡಿಸಿ, ತಂಪು ಕನ್ನಡಕ ಧರಿಸಿ, ಪಟ್ಟಾಭಿಷೇಕಕ್ಕೆ ಹೊರಟವರಂತೆ ಹೊರಗೆ ಬಂದರು. ಸಿಂಹಾಸನದಲ್ಲಿ ಆಗಲೇ ಯಾರೋ ಕೂತಿದ್ದರು.

"ಪಕ್ಕಕ್ಕೆ ಸರಿ, ಹೊತ್ತಾಯ್ತು," ಎಂದರು ಗ್ರಂಥಪಾಲಕರು.

"ಹಿಂದೆ ಹತ್ತಿ," ಎಂದರು ಹೆಂಡತಿ. "ಮುಂದಿನ ಸೀಟು ಅಮ್ಮನಿಗೆ. ತಂಪು ಬೇಕಾಗಿರೋದು ಅವರಿಗೆ."

"ಓಡಿಸೋರು ಯಾರು?"

ಹೆಂಡತಿ ಆ ಪೊಟ್ಟಣ ಬಿಚ್ಚಿ ಕೀ ಹೊರತೆಗೆದರು. ಕನ್ನಡಿಯನ್ನು ಒಂದಿಷ್ಟು ಓರೆ ಮಾಡಿದರು. ಡ್ಯಾಶ್‌ಬೋರ್ಡಿನ ಮೇಲೆ ಗೆಣ್ಣಿನಿಂದ ಕುಟ್ಟಿ, "ಏಳು ಮಹಾರಾಯ, ಹೊರಡೋಣ," ಎಂದರು. ಆ ಮಾತು, ಆ ಕುಟ್ಟು, ಕನ್ನಡಿಯ ಆ ಓರೆ, ಯಾವುದೂ ಹೆಂಡತಿಯದಲ್ಲ. ಕಾರು ಹಿಂದಕ್ಕೆ ಚಲಿಸಿ, ಆ ಇಕ್ಕಟ್ಟಾದ ಗೇಟಿನಿಂದ, ಗ್ರಂಥಪಾಲಕರು ಹೊರತೆಗೆದಾಗಲೆಲ್ಲ ಎಡಗಂಬಕ್ಕೋ ಬಲಗಂಬಕ್ಕೋ ಉಜ್ಜಿಕೊಂಡೇ ಬರುತ್ತಿದ್ದ ಗೇಟಿನಿಂದ, ಎಣ್ಣೆ ಸವರಿದ ಹಾಗೆ ಜಾರಿ ರಸ್ತೆಗೆ ಬಂತು.

ನಕ್ಷೆ ಕೈಯಲ್ಲಿ ಹಿಡಿದು ಗ್ರಂಥಪಾಲಕರು ಹಿಂದೆ ಓಡಿದರು. "ಯಾವಾಗ ಕಲಿತೆ? ಯಾರು ಕಲಿಸಿದ್ದು?"

"ನೀವು ಲೈಬ್ರರಿಗೆ ಹೋಗ್ತಿದ್ರಲ್ಲ, ದವಾಖಾನೆ ಮುಚ್ಚಿರೋ ಮಧ್ಯಾಹ್ನ ಕಂಪೌಂಡರ್ ಕಲಿಸ್ತಿದ್ರು," ಎಂದರು ಹೆಂಡತಿ ಕಿಟಕಿ ಇಳಿಸಿ. "ಲೈಸೆನ್ಸೂ ಇದೆ."

"ನಾನೂ ಹಿಂದೆ ಕೂತು ಹೋಗ್ತಿದ್ದೆ," ಎಂದರು ಅತ್ತೆ, ಮುಂದಿನ ಸೀಟಿನಲ್ಲಿ ಚೀಲ ಜೋಡಿಸಿಕೊಳ್ಳುತ್ತಾ. "ತುಂಬಾ ತಾಳ್ಮೆ ಆ ಹುಡುಗನಿಗೆ. ಒಂದು ಸಲವೂ ರೇಗಲಿಲ್ಲ."

"ನನಗೆ ಯಾಕೆ ಹೇಳ್ಲಿಲ್ಲ ಯಾರೂ?"

"ಅವರೇ ಬೇಡ ಅಂದಿದ್ರು." ಹೆಂಡತಿ ರಸ್ತೆಯನ್ನೇ ನೋಡುತ್ತಿದ್ದರು. "'ಅವನಿಗೆ ಹೇಳ್ಬೇಡಿ ಅತ್ತಿಗೆ, ಡ್ರೈವಿಂಗ್ ಮೇಲೆ ಒಂದು ಪುಸ್ತಕ ತಂದುಬಿಡ್ತಾನೆ, ನೀವು ಜನ್ಮದಲ್ಲಿ ಕಲಿಯಲ್ಲ,' ಅಂದ್ರು. ಎಲ್ಲ ಆಗಿತ್ತು. ಹೆದ್ದಾರಿ ಒಂದು ಬಾಕಿ ಇತ್ತು. ಮುಂದಿನ ವಾರ ಹೋಗೋಣ ಅಂದಿದ್ರು."

ಗ್ರಂಥಪಾಲಕರು ಹಿಂದಿನ ಬಾಗಿಲು ತೆಗೆದು ಹತ್ತಿದರು.

"ಮತ್ತೆ ಮಾರಬೇಕು ಅಂದಿದ್ದು ಯಾಕೆ?" ಎಂದು ಕೇಳಿದರು, ಕಾರು ಬೀದಿಯ ತಿರುವು ದಾಟಿದ ಮೇಲೆ.

"ಮಿಷಿನ್ ಮುಂದೆ ಕೂತು ಕಿಟಕಿಯಲ್ಲಿ ದಿನಾ ಇದನ್ನ ನೋಡಬೇಕಾದವಳು ನಾನು. ನೀವಲ್ಲ." ಗೇರು ಬದಲಿಸಿದರು. "ಕೂತು ನೋಡೋಕಾಗ್ಲಿಲ್ಲ. ಓಡಿಸಿದ್ರೆ ಆಗುತ್ತೆ."

ಗ್ರಂಥಪಾಲಕರ ಮನಸ್ಸಿನ ಕಪಾಟಿನಲ್ಲಿ ಇದ್ದ ತರ್ಕಗಳಲ್ಲಿ ಒಂದು ಅಂದು ಅರ್ಥವಾಯಿತು. ಅದರ ಬಗ್ಗೆ ಧ್ಯಾನಿಸುವಷ್ಟು ಸಮಯ ಸಿಗಲಿಲ್ಲ, ಕಾರು ಹೆದ್ದಾರಿಗೆ ಏರಿತ್ತು. ಲಾರಿಯೊಂದು ಕಿವಿಯ ಪಕ್ಕದಲ್ಲೇ ಗುಡುಗಿ ಹೋಯಿತು. ಹಿಂದಿನ ಸೀಟಿನಲ್ಲಿ, ಹಾಸಿಗೆ ಸುರುಳಿ, ನೀರಿನ ಕ್ಯಾನು ಮತ್ತು ಅತ್ತೆಯ ಎರಡು ಪೆಟ್ಟಿಗೆಗಳ ನಡುವೆ ಗ್ರಂಥಪಾಲಕರು ಸಾಮಾನಿನ ಜೊತೆ ಸಾಮಾನಾಗಿ ಕೂತು, ಮೇಲಿನ ಹಿಡಿಕೆಯನ್ನು ಎರಡೂ ಕೈಗಳಿಂದ ಹಿಡಿದುಕೊಂಡರು. ಆ ಕಾರಿನಲ್ಲಿ ಹಿಂದಿನ ಸೀಟಿಗೆ ಕಿಂಡಿಯಿರಲಿಲ್ಲ. ಪುಸ್ತಕ ಓದಿ, ನೊರೆ ಬಳಿದು, ಮಾನ ಕಳೆದುಕೊಂಡು ಅವರು ಗಳಿಸಿದ ತಂಪೆಲ್ಲ ಮುಂದಿನವರ ಪಾಲಾಗಿತ್ತು. ಅವರು ಮಾತ್ರ ಬೆವರುತ್ತಿದ್ದರು.

ಕಿಟಕಿಗಳೆಲ್ಲ ಮುಚ್ಚಿ ಸ್ವಲ್ಪ ದೂರ ಹೋದ ಮೇಲೆ, ಮೂಗಿಗೆ ಏನೋ ತಾಗಿತು. ಅಷ್ಟು ದಿನ ಬರೀ ಬಿಸಿಗಾಳಿ ಬೀಸಿದ್ದ ಕಿಂಡಿಗಳ ಆಳದಿಂದ ತಣ್ಣನೆಯ ಗಾಳಿಯ ಜೊತೆ ನಿಧಾನವಾಗಿ ಹೊರಬರುತ್ತಿತ್ತು: ಸ್ಪಿರಿಟ್ಟು, ಕರ್ಪೂರದ ಮುಲಾಮು, ಕೆಮ್ಮಿನ ಔಷಧದ ಸಿಹಿ. ದವಾಖಾನೆ ಮುಚ್ಚಿ ನೇರ ಕಾರಿಗೆ ಬಂದು ಕೂರುತ್ತಿದ್ದವನ ಅಂಗಿಯ ವಾಸನೆ.

ಕನ್ನಡಿಯಲ್ಲಿ ಹೆಂಡತಿಯ ಕಣ್ಣುಗಳು ಕಂಡವು. ಆಕೆಗೂ ತಿಳಿದಿತ್ತು.

"ಏನೇ ಇದು, ಆಸ್ಪತ್ರೆ ವಾಸನೆ," ಎಂದು ಅತ್ತೆ ಕಿಟಕಿಯ ಗುಂಡಿಗೆ ಕೈ ಚಾಚಿದರು. "ಸ್ವಲ್ಪ ತೆಗೀಲಾ?"

"ಬೇಡ!" ಎಂದು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂಗಿದರು.

ಅತ್ತೆ ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡರು. ಮಗಳ ಮುಖ ನೋಡಿದರು. ಹಿಂದೆ ತಿರುಗಿದರೆ, ಎರಡು ಸೀಟುಗಳ ನಡುವಿನಿಂದ ಕುತ್ತಿಗೆಯನ್ನು ಗೇರಿನವರೆಗೆ ಚಾಚಿ, ಕಣ್ಣು ಮುಚ್ಚಿ, ಮೂಗರಳಿಸಿ ಕಿಂಡಿಗೆ ಮುಖವೊಡ್ಡಿದ್ದ ಅಳಿಯ ಕಂಡರು. ಆಮೇಲೆ, ಹಿರಿಯರಾದ್ದರಿಂದ, ಯಾರಾದರೂ ಹೇಳಲೇಬೇಕಾದ್ದನ್ನು ಹೇಳಿದರು:

"ಆಯ್ತು, ತೆಗೆಯಲ್ಲ. ಆದ್ರೆ ತಲೆ ಒಂಚೂರು ಹಿಂದಕ್ಕೆ ತಗೊಳ್ಳಿ ಅಳಿಯಂದಿರೇ. ತಂಪೆಲ್ಲ ನೀವೇ ಕುಡೀತಿದೀರಿ."